ಹೊಗೆಸೊಪ್ಪನ್ನು ಬಿಟ್ಟವರು, ಬಿಡಲಾರದವರು

ಹೊಗೆಸೊಪ್ಪು ಲೋಕದಲ್ಲಿ ಹೇಗೆ ಹರಡಿತೆಂಬ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. 1492ರಲ್ಲಿ ಕೊಲಂಬಸನ ಜೊತೆಯವರು ಕ್ಯೂಬಾ ದ್ವೀಪದಲ್ಲಿ ಸುರುಳಿ ಸುತ್ತಿದ ಎಲೆಗೆ ಬೆಂಕಿಯಿಟ್ಟು ಹೊಗೆ ಕುಡಿಯುವ ಜನರನ್ನು ಕಂಡು ಬೆರಗಾದುದು, ಆ ಬಳಿಕ ಸ್ಪೇನ್ ಪೋರ್ತುಗಲ್ಲುಗಳ ಹಡಗುಗಳು ಅದರ ಬೀಜವನ್ನು ಹೊತ್ತು ಭೂಮಂಡಲವನ್ನೇ ಸುತ್ತಿದುದು, ನೂರೈವತ್ತು ವರ್ಷ ಕಳೆಯುವುದರೊಳಗೆ ಅದು ಮುಟ್ಟದ ನಾಡೇ ಅಪರೂಪವಾದುದು ಇವೆಲ್ಲ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಒಮ್ಮೆ ಕೈಯಲ್ಲಿ ಹಿಡಿದುದನ್ನು ಕೆಳಗಿಡಲು ಹೆಣಗಿದವರ ಚರಿತ್ರೆಯನ್ನು ಕೂಡಿಸಿ ಬರೆದವರು ಕಡಮೆ. ಕಾರಣವೂ ಸ್ಪಷ್ಟವಾಗಿಯೇ ಇದೆ. ಬಿಟ್ಟವನು ಅದಕ್ಕೊಂದು ತಾಮ್ರಶಾಸನ ಬರೆಸುವುದಿಲ್ಲ. ಬಿಡಲಾರದವನು ತನ್ನ ಸೋಲನ್ನು ಹೇಳಿಕೊಳ್ಳುವುದಿಲ್ಲ. ಅಲ್ಲಲ್ಲಿ ದಿನಚರಿಗಳಲ್ಲಿ, ಪತ್ರಗಳಲ್ಲಿ, ವೈದ್ಯರ ವರದಿಗಳಲ್ಲಿ ಚೂರು ಚೂರಾಗಿ ಬಿದ್ದಿರುವ ಈ ಚರಿತ್ರೆಯನ್ನು ಇಲ್ಲಿ ಸ್ವಲ್ಪಮಟ್ಟಿಗಾದರೂ ಆಯ್ದುಕೊಡಬೇಕೆಂಬುದು ನನ್ನ ಉದ್ದೇಶ.

ಇದು ಕೇವಲ ಕುತೂಹಲದ ಮಾತೂ ಅಲ್ಲ. ಈ ಪುಟವನ್ನು ಓದುತ್ತಿರುವ ತಮ್ಮಲ್ಲಿ ಬೆಳಗ್ಗೆ "ಇಂದಿಗೆ ಬಿಟ್ಟೆ" ಎಂದು ಆಣೆಯಿಟ್ಟು, ಸಂಜೆ ಕಾಫಿಯಾದೊಡನೆ ಕೈ ತಾನೇ ತಾನಾಗಿ ಜೇಬಿಗೆ ಹೋದುದನ್ನು ಕಂಡು ನಾಚಿಕೊಂಡವರು ಇರಬಹುದು. ತಾವಲ್ಲದಿದ್ದರೆ ತಮ್ಮ ಮನೆಯಲ್ಲಿ ಅಣ್ಣನೋ ಮಾವನೋ ಇರಬಹುದು. "ನನಗೆ ಮನೋಬಲವಿಲ್ಲ" ಎಂದು ಕೊರಗುವ ಅಂಥವರಿಗೆ, ತಾವು ಎಂಥೆಂಥವರ ಪಂಕ್ತಿಯಲ್ಲಿ ಕುಳಿತಿದ್ದೇವೆಂಬುದು ಗೊತ್ತಾದರೆ ಕೊರಗು ಅರ್ಧ ಇಳಿದೀತು. ಆ ಪಂಕ್ತಿಯಲ್ಲಿ ಚಕ್ರವರ್ತಿಯ ರಾಯಭಾರಿಯಿದ್ದಾನೆ, ಮನಶ್ಶಾಸ್ತ್ರದ ಮಹಾಚಾರ್ಯನಿದ್ದಾನೆ, ವೈದ್ಯರಂತೂ ಸಾವಿರ ಸಾವಿರ ಮಂದಿ ಇದ್ದಾರೆ.

ಭಾರತದ ಮಟ್ಟಿಗೆ ಈ ಕಥೆ ವಿವರವಾಗಿ ದೊರೆಯುವುದು ನಮ್ಮ ಬಿಜಾಪುರದಿಂದ, ಎಂದರೆ ಇಂದಿನ ವಿಜಯಪುರದಿಂದ. ಅಲ್ಲಿ ಆಗ ಆಳುತ್ತಿದ್ದವನು ಇಮ್ಮಡಿ ಇಬ್ರಾಹಿಂ ಆದಿಲ್‌ಷಾಹ. ಸಂಗೀತಪ್ರಿಯ, 'ಕಿತಾಬ್-ಇ-ನವರಸ್' ಎಂಬ ಗೀತಸಂಗ್ರಹದ ಕರ್ತೃ. ಅವನ ಮಗಳನ್ನು ಅಕ್ಬರನ ಮಗನಾದ ದಾನಿಯಾಲನಿಗೆ ಕೊಡುವುದೆಂದು ನಿಶ್ಚಯವಾಗಿ, ವಧುವನ್ನು ಕರೆತರುವ ಕಾರ್ಯಕ್ಕೆ ಅಸದ್ ಬೇಗನೆಂಬ ಅಧಿಕಾರಿ 1604ರ ಸುಮಾರಿನಲ್ಲಿ ಬಿಜಾಪುರಕ್ಕೆ ಬಂದಿದ್ದನು. ಅಲ್ಲಿ ಅವನ ಕಣ್ಣಿಗೆ ಹೊಗೆಸೊಪ್ಪು ಬಿತ್ತು. ಗೋವೆಯ ಪೋರ್ತುಗೀಸರು ನೆರೆಯಲ್ಲಿಯೇ ಇದ್ದುದರಿಂದ ದಕ್ಷಿಣಕ್ಕೆ ಅದು ಮೊದಲೇ ತಲುಪಿತ್ತು. ಹಿಂದುಸ್ಥಾನದಲ್ಲಿ ತಾನು ಅಂಥ ಪದಾರ್ಥವನ್ನು ಕಂಡಿರಲಿಲ್ಲವೆಂದು ಅವನೇ ಬರೆದಿದ್ದಾನೆ. ಚಕ್ರವರ್ತಿಗೆ ಒಪ್ಪಿಸಲು ಅವನು ಸಿದ್ಧಪಡಿಸಿದ ಕೊಳವೆಯ ವೈಭವವನ್ನು ನೋಡಿ: ಸುಮಾತ್ರ ದ್ವೀಪದ ಅಚಿನ್‌ನಿಂದ ಬಂದ ಮೂರು ಮೊಳದ ನಳಿಗೆ, ಅದರ ಎರಡು ತುದಿಗಳಿಗೂ ರತ್ನ ಮೀನಾಕಾರಿಗಳ ಕೆಲಸ, ಬಾಯಿಗಿಡುವಲ್ಲಿ ಯೆಮನ್ ದೇಶದ ಕೆಂಪು ಅಗೇಟು ಕಲ್ಲು, ಬೆಂಕಿಯಿಡಲು ಚಿನ್ನದ ಬಟ್ಟಲು. ಬಿಜಾಪುರದ ಸುಲ್ತಾನನು ಅವನಿಗೆ ಉಡುಗೊರೆಯಾಗಿ ಕೊಟ್ಟಿದ್ದುದು ಒಂದು ಸುಂದರವಾದ ಎಲೆಯಡಕೆ ಚೀಲ. ಅದರಲ್ಲಿ ಹೊಗೆಸೊಪ್ಪನ್ನು ತುಂಬಿ ಅವನು ಆಗ್ರಾಕ್ಕೆ ಒಯ್ದನು. ತಾಂಬೂಲದ ಚೀಲದಲ್ಲಿ ಹೊಗೆಸೊಪ್ಪು ಸೇರಿಕೊಂಡ ಈ ಚಿತ್ರ ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಆಮೇಲಿನ ನಾಲ್ಕು ನೂರು ವರ್ಷಗಳಲ್ಲಿ ನಮ್ಮ ಹಳ್ಳಿಹಳ್ಳಿಯ ಎಲೆಯಡಕೆ ಚೀಲಗಳಲ್ಲಿ ನಡೆದುದೂ ಅದೇ ಅಲ್ಲವೆ!

ಆಸ್ಥಾನದಲ್ಲಿ ಮುಂದೆ ನಡೆದುದು ನಾಟಕಕ್ಕೆ ಒಪ್ಪುವಂಥ ಪ್ರಸಂಗ. ಬೆಳ್ಳಿಯ ತಟ್ಟೆಯಲ್ಲಿಟ್ಟ ಆ ಸಾಮಗ್ರಿಯನ್ನು ಕಂಡು ಅಕ್ಬರನು "ಇದೇನು?" ಎಂದು ಕೇಳಿದನು. ಮೆಕ್ಕಾ ಮದೀನಗಳಲ್ಲಿ ಇದು ಪ್ರಸಿದ್ಧವಾದ ವಸ್ತುವೆಂದೂ ಔಷಧಿಯಾಗಿ ತಂದಿದ್ದಾರೆಂದೂ ಹತ್ತಿರದಲ್ಲಿದ್ದ ಖಾನ್ ಆಜಂ ಹೇಳಿದನು. ಸಾಮ್ರಾಟನು ಕೊಳವೆಯನ್ನು ಎತ್ತಿಕೊಳ್ಳುವಷ್ಟರಲ್ಲಿ ರಾಜವೈದ್ಯನು ಮುಂದೆ ಬಂದು ತಡೆದನು. ತಂದವನ ಮನಸ್ಸು ನೋಯಬಾರದೆಂದು ಅಕ್ಬರನು ಎರಡು ಮೂರು ದಮ್ಮು ಎಳೆದನು; ವೈದ್ಯನಿಗೆ ಸಂಕಟವೋ ಸಂಕಟ. ನಮ್ಮ ಪ್ರಾಜ್ಞರು ಪರೀಕ್ಷಿಸದ ಪದ್ಧತಿಯನ್ನು ಫರಂಗಿಗಳನ್ನು ನೋಡಿ ಹಿಡಿಯಬೇಕಾಗಿಲ್ಲ ಎಂದು ಅವನ ವಾದ. ಲೋಕದ ಯಾವ ಪದ್ಧತಿಯಾದರೂ ಒಂದು ಕಾಲದಲ್ಲಿ ಹೊಸದಾಗಿಯೇ ಇದ್ದಿರಬೇಕಲ್ಲ ಎಂದು ಅಸದ್ ಬೇಗನ ಮರುಮಾತು. ಮಾತಿನಲ್ಲಿ ಗೆದ್ದವನು ಅಸದ್ ಬೇಗ, ಸಾಮ್ರಾಟನೂ ತಲೆದೂಗಿದನು. ವೈದ್ಯನ ಮಾತು ಸರಿಯೆಂದು ಲೋಕಕ್ಕೆ ಗೊತ್ತಾಗಲು ಮುನ್ನೂರೈವತ್ತು ವರ್ಷ ಹಿಡಿಯಿತು. ಆಮೇಲೆ ಸರದಾರರೆಲ್ಲರೂ ಒಬ್ಬರ ಮೇಲೊಬ್ಬರು ಹೊಗೆಸೊಪ್ಪನ್ನು ಹೇಳಿಕಳುಹಿಸಿ ತರಿಸಿಕೊಂಡರು; ವರ್ತಕರು ಮಾರತೊಡಗಿದರು; ಸಾಮ್ರಾಟರು ಮಾತ್ರ ಅದನ್ನು ಅಭ್ಯಾಸ ಮಾಡಿಕೊಳ್ಳಲಿಲ್ಲ ಎಂದು ಅಸದ್ ಬೇಗನು ತನ್ನ ವೃತ್ತಾಂತವನ್ನು ಮುಗಿಸುತ್ತಾನೆ.

ಎರಡು ದಮ್ಮಿಗೆ ನಿಲ್ಲಿಸಿದ ಅಕ್ಬರನು ಭಾಗ್ಯಶಾಲಿ. ಆದರೆ ಅವನ ದೃಷ್ಟಾಂತದಿಂದ ಇಪ್ಪತ್ತು ವರ್ಷ ಸೇದಿದವನಿಗೆ ಏನೂ ಪ್ರಯೋಜನವಿಲ್ಲ. ನಮಗೆ ಬೇಕಾದವರು ಆ ಸರದಾರರು. ಅವರಿಗೆ ಮುಂದೆ ಏನಾಯಿತು?

ಇಲ್ಲಿ ಪಂಡಿತವೃತ್ತಿಯವನ ಒಂದೆರಡು ಮಾತನ್ನು ಸಹಿಸಿಕೊಳ್ಳಬೇಕು. 'ಧೂಮಪಾನ'ವೆಂಬ ಶಬ್ದ ಹೊಗೆಸೊಪ್ಪಿಗಿಂತ ಬಹಳ ಹಳೆಯದು. ಚರಕ ಸುಶ್ರುತ ಸಂಹಿತೆಗಳಲ್ಲಿ ಅದು ಗಿಡಮೂಲಿಕೆಗಳ ಬತ್ತಿಯಿಂದ ಹೊಗೆಯನ್ನು ತೆಗೆದುಕೊಳ್ಳುವ ಒಂದು ಚಿಕಿತ್ಸೆ. ಯಾವಾಗ, ಎಷ್ಟು ಸಲ, ಯಾರಿಗೆ ಕೂಡದು, ಮಿತಿಮೀರಿದರೆ ಬರುವ ತೊಂದರೆಯೇನು ಎಂಬುದನ್ನೆಲ್ಲ ಅಲ್ಲಿ ವಿಧಿಸಿದೆ. ಹಳೆಯ ಹೆಸರನ್ನು ಹೊಸ ಪದಾರ್ಥ ಹೊದ್ದುಕೊಂಡಿತು. ಮಿತಿಯನ್ನು ಮಾತ್ರ ಹೊದೆಯಲಿಲ್ಲ. ಇನ್ನು ನಮ್ಮ ಕನ್ನಡದ 'ಸೇದು' ಎಂಬ ಕ್ರಿಯಾಪದ. ಬಾವಿಯಿಂದ ನೀರು ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ. ಎರಡರಲ್ಲಿಯೂ ಎಳೆಯುವುದುಂಟು. ನೀರನ್ನು ಸೇದಿ ಕೊಡ ತುಂಬಿದರೆ ಹಗ್ಗವನ್ನು ಸುತ್ತಿಡುತ್ತೇವೆ. ಇಲ್ಲಿ ಕೊಡ ತುಂಬುವುದೇ ಇಲ್ಲ. ಮೂರನೆಯದು 'ವ್ಯಸನ'. 'ಎಸೆ' ಎಂಬರ್ಥದ 'ಅಸ್' ಧಾತುವಿಗೆ 'ವಿ' ಸೇರಿ ಆದ ಶಬ್ದ. ಮನುಷ್ಯನನ್ನು ದಾರಿಯಿಂದ ಅತ್ತ ಎಸೆಯುವುದು ಎಂಬ ಭಾವ. ಕನ್ನಡದಲ್ಲಿ ಚಟಕ್ಕೂ ವ್ಯಸನವೆನ್ನುತ್ತೇವೆ, ದುಃಖಕ್ಕೂ ವ್ಯಸನವೆನ್ನುತ್ತೇವೆ. ಚಟ ಹಿಡಿದವನು ಸುಖಪುರುಷನೆಂದು ದೂರದಿಂದ ನೋಡುವವರು ಭಾವಿಸುತ್ತಾರೆ. ಭಾಷೆ ಹಾಗೆ ಭಾವಿಸಲಿಲ್ಲ.

ಪ್ರಕೃತಕ್ಕೆ ಬರೋಣ. ಅಸದ್ ಬೇಗನು ಆಗ್ರಾಕ್ಕೆ ಹೊಗೆಸೊಪ್ಪು ಒಯ್ದ ಅದೇ 1604ರಲ್ಲಿ ಇಂಗ್ಲೆಂಡಿನ ಒಂದನೆಯ ಜೇಮ್ಸ್ ದೊರೆ ಧೂಮಪಾನವನ್ನು ಖಂಡಿಸಿ ಸ್ವತಃ ಒಂದು ಪುಸ್ತಿಕೆಯನ್ನು ಬರೆದು ಅಚ್ಚು ಹಾಕಿಸಿದನು. ಪೌಂಡು ತೂಕದ ಹೊಗೆಸೊಪ್ಪಿಗೆ ಎರಡು ಪೆನ್ನಿಯಿದ್ದ ಸುಂಕವನ್ನು ಆರು ಷಿಲಿಂಗ್ ಹತ್ತು ಪೆನ್ನಿಗೆ ಏರಿಸಿದನು. ಜನ ಬಿಡಲಿಲ್ಲ, ಕೊನೆಗೆ ವರ್ಜೀನಿಯದ ಬೆಳೆಯಿಂದ ಬರುವ ವರಮಾನವನ್ನು ಬೊಕ್ಕಸವೇ ಬಿಡದಾಯಿತು. ತುರ್ಕಿಯ ನಾಲ್ಕನೆಯ ಮುರಾದ್ ಸುಲ್ತಾನನು 1633ರಲ್ಲಿ ಸೇದಿದವನಿಗೆ ಮರಣದಂಡನೆಯನ್ನೇ ವಿಧಿಸಿದನು. ಆ ಕಾಲದಲ್ಲಿದ್ದ ಕಾತಿಬ್ ಚೆಲೆಬಿ ಎಂಬ ವಿದ್ವಾಂಸನು ಬರೆದಿಟ್ಟಿರುವುದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಸೇದಿ ಸಿಕ್ಕಿಬಿದ್ದವರ ತಲೆ ಹೋಗುತ್ತಿದ್ದ ಹೊತ್ತಿನಲ್ಲಿಯೇ ಸುತ್ತ ನಿಂತ ಸೈನಿಕರು ತೋಳಿನೊಳಗೆ, ಜೇಬಿನೊಳಗೆ ಗಿಡ್ಡ ಕೊಳವೆಗಳನ್ನು ಬಚ್ಚಿಟ್ಟುಕೊಂಡು ಸಮಯ ನೋಡಿ ಒಂದು ದಮ್ಮು ಎಳೆಯುತ್ತಿದ್ದರಂತೆ! ತಲೆಯ ಮೇಲೆ ಕತ್ತಿ ತೂಗುತ್ತಿದ್ದಾಗಲೂ ಬಿಡಲಾಗದ್ದನ್ನು ಗೋಡೆಯ ಮೇಲಿನ ಎಚ್ಚರಿಕೆಯ ಹಲಗೆ ಬಿಡಿಸಲಿಲ್ಲವೆಂದು ನಾವು ಆಶ್ಚರ್ಯಪಡಬೇಕಾಗಿಲ್ಲ.

ನಮ್ಮ ದೇಶದಲ್ಲಿ ನಡೆದುದು ಇಷ್ಟು ಕ್ರೂರವಲ್ಲ. ಆದರೆ ಅಷ್ಟೇ ಬೋಧಪ್ರದ. ಅಕ್ಬರನ ಮಗ ಜಹಾಂಗೀರನು 1617ರಲ್ಲಿ ಹೊಗೆಸೊಪ್ಪನ್ನು ನಿಷೇಧಿಸಿದನು. ಪರ್ಷಿಯದ ಷಾ ಅಬ್ಬಾಸನೂ ತನ್ನ ರಾಜ್ಯದಲ್ಲಿ ನಿಷೇಧಿಸಿದ್ದನು. ಆಗ ಜಹಾಂಗೀರನ ರಾಯಭಾರಿಯಾಗಿ ಪರ್ಷಿಯದಲ್ಲಿದ್ದವನು ಖಾನ್ ಆಲಂ. ಅವನಿಗೆ ಕೊಳವೆಯಿಲ್ಲದೆ ಒಂದು ಗಳಿಗೆ ಕಳೆಯದು. ಎರಡೂ ಕಡೆಯ ದೊರೆಗಳ ಆಜ್ಞೆ ಅವನ ತಲೆಯ ಮೇಲಿತ್ತು. ಸಾಮ್ರಾಜ್ಯದ ಮಾನ ಅವನ ಕೈಯಲ್ಲಿತ್ತು. ಆದರೂ ಬಿಡಲಾಗಲಿಲ್ಲ. ಪರ್ಷಿಯದವರೇ ಆದ ಯಾದಗಾರ್ ಅಲಿ ಎಂಬುವರು ಮರುಕಗೊಂಡು ಷಾಹನಿಗೆ ಈ ವಿಷಯವನ್ನು ಅರಿಕೆಮಾಡಿದರು. ಷಾಹನು ಕೋಪಿಸಿಕೊಳ್ಳದೆ ಒಂದು ದ್ವಿಪದಿಯಲ್ಲಿ ಅನುಮತಿಯನ್ನು ಬರೆದುಕೊಟ್ಟನು. ಖಾನ್ ಆಲಂನು ಇನ್ನೊಂದು ದ್ವಿಪದಿಯಲ್ಲಿ ಕೃತಜ್ಞತೆಯನ್ನು ಹೇಳಿದನು. ಇದನ್ನೆಲ್ಲ ಜಹಾಂಗೀರನು ತನ್ನ ಆತ್ಮಚರಿತ್ರೆಯಲ್ಲಿ ನಗುನಗುತ್ತ ಬರೆದಂತಿದೆ. ನಗುವಿನ ಕೆಳಗೆ ಒಬ್ಬ ಘನವಂತನು ಪರದೇಶದ ಸಭೆಯಲ್ಲಿ ಅನುಭವಿಸಿದ ದೈನ್ಯ ಕಾಣುವುದಿಲ್ಲವೆ?

ಜಹಾಂಗೀರನು ನಕ್ಕದ್ದೂ ತಿಳಿದೇ ಇರಬೇಕು. ಅವನ ವ್ಯಸನ ಮದ್ಯ. ಯೌವನದಲ್ಲಿ ದಿನಕ್ಕೆ ಇಪ್ಪತ್ತು ಬಟ್ಟಲು ಕಡುಮದ್ಯಕ್ಕೆ ಏರಿ, ಕೈ ನಡುಗಿ ಬಟ್ಟಲನ್ನು ಬೇರೆಯವರು ಹಿಡಿದು ಕುಡಿಸಬೇಕಾದ ಸ್ಥಿತಿ ಬಂದಿತ್ತು. ಹೀಗೆಯೇ ನಡೆದರೆ ಆರು ತಿಂಗಳಲ್ಲಿ ಕೈಮೀರುವುದೆಂದು ಹಕೀಮ್ ಹುಮಾಮನು ಮುಚ್ಚುಮರೆಯಿಲ್ಲದೆ ಹೇಳಿದ ಮೇಲೆ, ಏಳು ವರ್ಷಗಳ ಅವಧಿಯಲ್ಲಿ ಮೆಲ್ಲಮೆಲ್ಲನೆ ಇಪ್ಪತ್ತನ್ನು ಆರಕ್ಕೆ ಇಳಿಸಿದೆನೆಂದು ಅವನೇ ಬರೆಯುತ್ತಾನೆ. ಪೂರ್ತಿ ಬಿಡಲಿಲ್ಲ, ಅದನ್ನು ಆದರ್ಶವೆಂದು ನಾನು ಹೇಳುವುದೂ ಇಲ್ಲ. ಅವನ ತಮ್ಮ ದಾನಿಯಾಲ, ಬಿಜಾಪುರದ ವಧುವನ್ನು ವರಿಸಿದ ಅವನೇ, ಅದೇ ವ್ಯಸನದವನು. ತಂದೆಯಾದ ಅಕ್ಬರನು ಅವನ ಸುತ್ತ ಕಾವಲು ಹಾಕಿಸಿದನು. ಸೇವಕರು ಬಂದೂಕಿನ ನಳಿಗೆಯೊಳಗೆ ಮದ್ಯವನ್ನು ತುಂಬಿ ಒಳಗೆ ಸಾಗಿಸಿದರು. ತುಕ್ಕು ಮದ್ದಿನ ಮಸಿಗಳು ಸೇರಿದ ಅದನ್ನು ಕುಡಿದು ರಾಜಕುಮಾರನು ಮೂವತ್ತೆರಡು ಮೂವತ್ತಮೂರರ ವಯಸ್ಸಿನಲ್ಲಿಯೇ ತೀರಿಹೋದನು. ಒಂದೇ ಮನೆಯ ಇಬ್ಬರು ಮಕ್ಕಳು. ಒಬ್ಬನನ್ನು ಕಾವಲುಗಾರರು ಕಾದರು. ಇನ್ನೊಬ್ಬನಿಗೆ ವೈದ್ಯನೊಬ್ಬನು ನಿಜವನ್ನು ಹೇಳಿದನು.

ಇಷ್ಟಕ್ಕೂ ಈ ಎಲೆಯಲ್ಲಿ ಅಡಗಿರುವುದೇನು? 1828ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಪೊಸೆಲ್ಟ್ ಮತ್ತು ರೈಮನ್ ಎಂಬ ಇಬ್ಬರು ಹೊಗೆಸೊಪ್ಪಿನ ಸತ್ತ್ವವನ್ನು ಬೇರ್ಪಡಿಸಿದರು. ಹಿಂದೆ ಲಿಸ್ಬನ್ನಿನಿಂದ ಫ್ರೆಂಚ್ ಅರಮನೆಗೆ ಹೊಗೆಸೊಪ್ಪನ್ನು ಕಳುಹಿಸಿದ ಜಾನ್ ನಿಕೋ ಎಂಬ ರಾಯಭಾರಿಯ ಹೆಸರು ಆ ಗಿಡಕ್ಕೆ ಅಂಟಿತ್ತು. ಅದರಿಂದಲೇ ಸತ್ತ್ವಕ್ಕೆ 'ನಿಕೋಟಿನ್' ಎಂದಾಯಿತು. ಹೊಗೆಯನ್ನು ಎಳೆದ ಹತ್ತಿಪ್ಪತ್ತು ಸೆಕೆಂಡುಗಳೊಳಗೆ ಅದು ಮಿದುಳನ್ನು ಮುಟ್ಟುತ್ತದೆ. ರಕ್ತದಲ್ಲಿ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಇಳಿದಂತೆಲ್ಲ ಮಿದುಳು ಮತ್ತೆ ಬೇಡುತ್ತದೆ. ಬಿಟ್ಟವನಿಗೆ ಸಿಡುಕು, ನಿದ್ದೆಗೇಡು, ಹಸಿವು, ಮನಸ್ಸು ಒಂದು ಕಡೆ ನಿಲ್ಲದಿರುವುದು ಇವು ಮೊದಲ ದಿನವೇ ತೊಡಗಿ, ಎರಡು ಮೂರನೆಯ ದಿನಗಳಲ್ಲಿ ಶಿಖರವನ್ನು ಮುಟ್ಟಿ, ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತವೆ. ಖಾನ್ ಆಲಂನಿಗೆ ಈ ಲೆಕ್ಕವನ್ನು ಹೇಳುವವರಿರಲಿಲ್ಲ. ತನ್ನ ಯಾತನೆ ಆಮರಣ ಹೀಗೆಯೇ ಇರುವುದೆಂದು ಅವನು ಎಣಿಸಿದ್ದರೆ ತಪ್ಪಲ್ಲ.

ಮನಸ್ಸನ್ನು ಬಲ್ಲವನು ಚಟವನ್ನು ಗೆಲ್ಲುವನೆಂದು ಹೇಳುವುದುಂಟು. ಹಾಗಾದರೆ ಮನಸ್ಸನ್ನು ಸಿಗ್ಮಂಡ್ ಫ್ರಾಯ್ಡ್‌ಗಿಂತ ಹೆಚ್ಚು ಕೆದಕಿ ನೋಡಿದವರು ಯಾರು? ವಿಯೆನ್ನಾದ ಆ ವೈದ್ಯರು ದಿನಕ್ಕೆ ಇಪ್ಪತ್ತರಷ್ಟು ಚುಟ್ಟಾ ಸೇದುತ್ತಿದ್ದರು. 1894ರಲ್ಲಿ ಎದೆ ತಾಳತಪ್ಪಿ ಹೊಡೆದುಕೊಳ್ಳತೊಡಗಿದಾಗ ಬರ್ಲಿನ್ನಿನ ಮಿತ್ರ ಫ್ಲೀಸ್ ಎಂಬ ವೈದ್ಯರು ಚುಟ್ಟಾ ಕೂಡದೆಂದು ಅಪ್ಪಣೆ ಮಾಡಿದರು. ಫ್ರಾಯ್ಡ್ ಬಿಟ್ಟರು. ಬಿಟ್ಟ ದಿನಗಳ ಸಂಕಟ ತಾವು ಎಣಿಸಿದುದಕ್ಕಿಂತ ಎಷ್ಟೋ ದೊಡ್ಡದೆಂದು ಮಿತ್ರನಿಗೆ ಬರೆದರು. ಕೆಲಸ ಸಾಗದು, ಉತ್ಸಾಹವಿಲ್ಲ, ಬಾಳಿಗೆ ರುಚಿಯಿಲ್ಲ. ಮತ್ತೆ ಹಿಡಿದರು, ಮತ್ತೆ ಬಿಟ್ಟರು, ಮತ್ತೆ ಹಿಡಿದರು. ಚುಟ್ಟಾ ಇಲ್ಲದೆ ತಮ್ಮ ಬುದ್ಧಿ ಬರೆವಣಿಗೆಗೆ ಏಳದು ಎಂಬುದು ಅವರ ದೃಢವಾದ ನಂಬಿಕೆ. ಈ ನಂಬಿಕೆಯನ್ನು ನಮ್ಮ ಉಪಾಧ್ಯಾಯರ ಕೊಠಡಿಗಳಲ್ಲಿಯೂ ಕೇಳಿದ್ದೇನೆ: "ಒಂದು ಎಳೆಯದಿದ್ದರೆ ಉತ್ತರಪತ್ರಿಕೆ ತಿದ್ದಲು ಕೈ ಓಡುವುದಿಲ್ಲ." ಓಡದಿರುವುದು ನಿಜ. ಆದರೆ ಓಡದಂತೆ ಮಾಡಿದುದು ಹಿಂದಿನ ಬತ್ತಿ. ಮುಂದಿನ ಬತ್ತಿ ತೀರಿಸುವುದು ಅದರ ಸಾಲವನ್ನೇ. 1923ರಲ್ಲಿ ಫ್ರಾಯ್ಡರ ಬಾಯಿಯಲ್ಲಿ ಅರ್ಬುದ ಕಾಣಿಸಿತು. ಹದಿನಾರು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ದವಡೆಯ ಭಾಗವನ್ನು ತೆಗೆದು ಕೃತಕವಾದುದನ್ನು ಇಟ್ಟರು. ಆಗಲೂ ಅವರು ಸೇದಿದರು. 1939ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಇದನ್ನು ಅವರನ್ನು ಹೀಗಳೆಯಲು ಬರೆಯುತ್ತಿಲ್ಲ. ಬುದ್ಧಿ ಬೇರೆ, ಈ ಹಿಡಿತ ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ನನಗೆ ಕಾಣದು.

ಚರಿತ್ರೆಯ ಗಾಳಿ ತಿರುಗಿದುದು ಲಂಡನ್ನಿನಲ್ಲಿಯೇ, ಫ್ರಾಯ್ಡ್ ಗತಿಸಿದ ಹತ್ತು ಹನ್ನೊಂದು ವರ್ಷಗಳ ಬಳಿಕ. ರಿಚರ್ಡ್ ಡಾಲ್ ಎಂಬ ತರುಣ ವೈದ್ಯರೂ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರೂ ಇಪ್ಪತ್ತು ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವನ್ನು ಹುಡುಕಿದರು. ಮೋಟಾರು ಹೊಗೆಯೋ ರಸ್ತೆಯ ಟಾರೋ ಇರಬೇಕೆಂದು ಡಾಲರ ಮೊದಲ ಊಹೆ. ಲೆಕ್ಕ ಬೇರೆಯೇ ಹೇಳಿತು. ಆ ರೋಗದ 649 ಗಂಡಸರಲ್ಲಿ ಸೇದದವರು ಇಬ್ಬರೇ ಇಬ್ಬರು! ವರದಿ 1950ರಲ್ಲಿ ಅಚ್ಚಾಯಿತು. ಅದು ಅಚ್ಚಾಗುವ ಮೊದಲೇ, ಕೆಲಸ ಇನ್ನೂ ನಡೆಯುತ್ತಿದ್ದಾಗಲೇ, ತಾವೂ ಸೇದುತ್ತಿದ್ದ ಡಾಲ್ ಸಿಗರೇಟನ್ನು ಬಿಟ್ಟಿದ್ದರು. 1951ರಲ್ಲಿ ಅವರಿಬ್ಬರೂ ಬ್ರಿಟನ್ನಿನ ಸುಮಾರು ಅರವತ್ತು ಸಾವಿರ ವೈದ್ಯರಿಗೆ "ನೀವು ಸೇದುತ್ತೀರಾ?" ಎಂದು ಪತ್ರ ಬರೆದರು. ಸುಮಾರು ನಲವತ್ತು ಸಾವಿರ ಮಂದಿ ಉತ್ತರಿಸಿದರು. ಅವರಲ್ಲಿ ಪುರುಷ ವೈದ್ಯರನ್ನು ಐವತ್ತು ವರ್ಷ ಬಿಡದೆ ಹಿಂಬಾಲಿಸಿದರು. ವರ್ಷ ಕಳೆದಂತೆ ಆ ವೈದ್ಯರಲ್ಲಿ ಬಹುಮಂದಿ ಸಿಗರೇಟನ್ನು ಬಿಟ್ಟರು. ಮೊದಲ ವರದಿ 1954ರ ಜೂನ್ 26ರಂದು. ಕೊನೆಯದು 2004ರ ಜೂನ್ 26ರಂದು, ಅದೇ ಪತ್ರಿಕೆಯಲ್ಲಿ. ಆಗ ಡಾಲರಿಗೆ 91 ವಯಸ್ಸು. ಆ ವರದಿಯ ಒಂದು ಫಲಿತಾಂಶವನ್ನು ಕಂಠಪಾಠ ಮಾಡಬೇಕು: ಅರವತ್ತರಲ್ಲಿ ಬಿಟ್ಟವನಿಗೆ ಸುಮಾರು 3 ವರ್ಷ, ಐವತ್ತರಲ್ಲಿ ಬಿಟ್ಟವನಿಗೆ 6, ನಲವತ್ತರಲ್ಲಿ 9, ಮೂವತ್ತರಲ್ಲಿ 10 ವರ್ಷ ಆಯುಸ್ಸು ಉಳಿಯುತ್ತದೆ. "ಇಷ್ಟು ವರ್ಷವಾಯಿತು, ಇನ್ನು ಬಿಟ್ಟೇನು ಫಲ?" ಎಂದು ಕೇಳುವ ಹಿರಿಯರಿಗೆ ಅರವತ್ತರ ಅಂಕಿಯನ್ನು ತೋರಿಸಬಹುದು.

ತಿಳಿವಳಿಕೆ ಬಂದಿತು, ಆದರೆ ಆ ನಾಲ್ಕು ವಾರಗಳನ್ನು ದಾಟಿಸುವ ದೋಣಿ? 1967ರಲ್ಲಿ ಸ್ವೀಡನ್ನಿನಲ್ಲಿ ಕ್ಲಾಸ್ ಲುಂಡ್‌ಗ್ರೆನ್ ಎಂಬ ವಿಜ್ಞಾನಿ ತಮ್ಮ ಮಿತ್ರ ಊವೆ ಫೆರ್ನೋ ಎಂಬುವರಿಗೆ ಒಂದು ಪತ್ರ ಬರೆದರು. ಜಲಾಂತರ್ಗಾಮಿ ನೌಕೆಗಳೊಳಗೆ ಸೇದಲಾಗದ ನಾವಿಕರು ಅಗಿಯುವ ಹೊಗೆಸೊಪ್ಪಿನಿಂದ ಬಯಕೆಯನ್ನು ತಡೆದುಕೊಳ್ಳುತ್ತಾರೆ. ಹಾಗಾದರೆ ಹೊಗೆಯಿಲ್ಲದೆ ಔಷಧಿಯಂತೆ ನಿಕೋಟಿನನ್ನು ಮಾತ್ರ ಕೊಟ್ಟು, ಕ್ರಮೇಣ ಅದನ್ನೂ ಇಳಿಸಿದರೆ ಹೇಗೆ? ಸ್ವತಃ ಸಿಗರೇಟಿನಿಂದ ಬಿಡಿಸಿಕೊಳ್ಳಲು ಹೆಣಗುತ್ತಿದ್ದ ಫೆರ್ನೋ ವರ್ಷಗಟ್ಟಲೆ ದುಡಿದು ನಿಕೋಟಿನ್ ಅಂಟನ್ನು ತಯಾರಿಸಿದರು. 1978ರಲ್ಲಿ ಸ್ವಿಟ್ಜರ್‌ಲೆಂಡ್ ಅದಕ್ಕೆ ಮೊದಲು ಅನುಮತಿ ಕೊಟ್ಟಿತು. ನೂರಾರು ವರ್ಷ ಅಪರಾಧವೆಂದೂ ದೌರ್ಬಲ್ಯವೆಂದೂ ನೋಡಿದುದನ್ನು ಚಿಕಿತ್ಸೆ ಬೇಕಾದ ಬಾಧೆಯೆಂದು ನೋಡತೊಡಗಿದುದು ಇಲ್ಲಿಂದ. ಮರುವರ್ಷ, ಎಂದರೆ 1979ರಲ್ಲಿ, ಲಂಡನ್ನಿನ ಮೈಕೇಲ್ ರಸೆಲ್ ಇನ್ನೊಂದನ್ನು ತೋರಿಸಿದರು. ಮನೆವೈದ್ಯರು ಒಂದೆರಡು ನಿಮಿಷ "ಬಿಡಿ" ಎಂದು ಹೇಳಿ, ಒಂದು ಕರಪತ್ರ ಕೊಟ್ಟು, "ಮತ್ತೆ ವಿಚಾರಿಸುತ್ತೇನೆ" ಎಂದರೆ ಸಾಕು, ನೂರಕ್ಕೆ ಸುಮಾರು 5 ಮಂದಿ ಬಿಟ್ಟು ಒಂದು ವರ್ಷ ಬಿಟ್ಟೇ ಇದ್ದರು; ಏನೂ ಹೇಳದ ಕಡೆ ಆ ಸಂಖ್ಯೆ ನೂರಕ್ಕೆ ಒಂದನ್ನೂ ಮುಟ್ಟಲಿಲ್ಲ. ಐದೇ ಎಂದು ಮೂಗು ಮುರಿಯಬೇಡಿ. ಎರಡು ನಿಮಿಷದ ಮಾತಿಗೆ ಸಿಕ್ಕ ಫಲ ಅದು. ಮುರಾದನ ಕತ್ತಿಗೆ ಅದೂ ಸಿಕ್ಕಿರಲಿಲ್ಲ.

ಈಗ ಆ ಬಯಕೆಯ ಕ್ಷಣದ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಸಿಗರೇಟು ಬಿಡುವವರಿಗೆ ಬಯಕೆಯನ್ನು ಸಮುದ್ರದ ತೆರೆಗೆ ಹೋಲಿಸಿ ಹೇಳುತ್ತಿದ್ದರು: ಏಳುತ್ತದೆ, ತುದಿ ಮುಟ್ಟುತ್ತದೆ, ತಾನೇ ಒಡೆದು ಇಳಿಯುತ್ತದೆ. ನಮ್ಮ ಕರಾವಳಿಯ ದೋಣಿಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ತೆರೆಯನ್ನು ನಿಲ್ಲಿಸಲು ಅವರು ಹೋಗುವುದಿಲ್ಲ, ಅದರ ಮೇಲೇರಿ ಆಚೆ ಇಳಿಯುತ್ತಾರೆ. ಒಂದೊಂದು ಬಯಕೆಯ ಅಬ್ಬರ ಕೆಲವೇ ನಿಮಿಷ. ನನ್ನ ಸಹೋದ್ಯೋಗಿಗಳಾಗಿದ್ದ ಗಣಿತದ ಮೇಷ್ಟರೊಬ್ಬರು ಬಿಟ್ಟಾಗ ಇದನ್ನು ನಂಬದೆ, ಜೇಬಿನಲ್ಲಿ ಒಂದು ಪುಟ್ಟ ನೋಟುಬುಕ್ಕನ್ನಿಟ್ಟುಕೊಂಡು, ಬಯಕೆ ಎದ್ದ ಹೊತ್ತನ್ನೂ ಇಳಿದ ಹೊತ್ತನ್ನೂ ಗಡಿಯಾರ ನೋಡಿ ಬರೆಯುತ್ತ ಹೋದರು. ಹತ್ತು ನಿಮಿಷ ಮೀರಿದುದು ವಿರಳ. ಮೊದಲ ವಾರದ ಪುಟಗಳು ಕಿಕ್ಕಿರಿದಿದ್ದವು. ಎರಡನೆಯ ತಿಂಗಳಿಗೆ ಪುಟಕ್ಕೆ ಒಂದು ಎರಡು ಸಾಲು. ಬರೆಯುವಾಗ ಬಾಯಿಗೆ ಹುರಿಗಡಲೆಯೋ ಲವಂಗವೋ ಇರುತ್ತಿತ್ತು. ಊಟವಾದೊಡನೆ ಕುಳಿತಲ್ಲಿ ಕೂರದೆ ಅಂಗಳದಲ್ಲಿ ಅಡ್ಡಾಡುತ್ತಿದ್ದರು. ಕಾಫಿಯನ್ನು ಸ್ವಲ್ಪ ಕಾಲ ಬಿಟ್ಟು ಮಜ್ಜಿಗೆಗೆ ತಿರುಗಿದರು, ಕಾಫಿಗೂ ಬತ್ತಿಗೂ ಅಷ್ಟು ನಂಟು. ಮೂರನೆಯ ತಿಂಗಳಲ್ಲಿ ನೆಂಟರ ಮದುವೆಯೊಂದರಲ್ಲಿ ಒಂದು ಸೇದಿಬಿಟ್ಟರು. "ಎಲ್ಲ ಹಾಳಾಯಿತು" ಎಂದು ಪೊಟ್ಟಣ ಕೊಳ್ಳುವ ಬದಲು, ಬಂದು ನೋಟುಬುಕ್ಕಿನಲ್ಲಿ ಅದನ್ನೂ ಬರೆದರು: ತಾರೀಕು, ಹೊತ್ತು, ಕೊಟ್ಟವರು ಯಾರು ಎಂಬುದು. ಮರುದಿನದಿಂದ ಲೆಕ್ಕ ಮುಂದುವರಿಯಿತು. ಮಾರ್ಲಾಟ್ ಹೇಳಿದುದೂ ಇದನ್ನೇ. ಎಡವಿದುದು ಬೇರೆ, ಬಿದ್ದೇ ಇರುವುದು ಬೇರೆ; ಎಡವಿದವನನ್ನು ಬೀಳಿಸುವುದು ಆ ಒಂದು ಬತ್ತಿಗಿಂತ ಹೆಚ್ಚಾಗಿ "ನಾನು ಇಷ್ಟೇ" ಎಂಬ ಹತಾಶೆ.

ನಮ್ಮ ದೇಶದಲ್ಲಿ 2016-17ರಲ್ಲಿ ನಡೆದ ಸಮೀಕ್ಷೆಯ ಪ್ರಕಾರ ಸೇದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಿಡುವ ಯೋಚನೆಯಲ್ಲಿದ್ದರು. ನೂರಕ್ಕೆ 38ರಷ್ಟು ಮಂದಿ ಹಿಂದಿನ ಒಂದು ವರ್ಷದಲ್ಲಿ ಬಿಡಲು ಯತ್ನಿಸಿಯೂ ಇದ್ದರು. ಎಂದರೆ ಬೀಡಂಗಡಿಯ ಮುಂದೆ ನಿಂತ ಹತ್ತು ಜನರಲ್ಲಿ ಸುಮಾರು ನಾಲ್ವರು ಹೇಳಿಕೊಳ್ಳದೆ ಒಂದು ಸೋಲನ್ನು ಮನೆಯಲ್ಲಿ ಬಚ್ಚಿಟ್ಟು ಬಂದವರು. ಯತ್ನಿಸಿದವರಲ್ಲಿ ಬಹುಪಾಲಿನವರು ಯಾರ ನೆರವನ್ನೂ ಕೇಳಿರಲಿಲ್ಲ. ನೆರವು ಇಲ್ಲವೆಂದಲ್ಲ. 2002ರಲ್ಲಿ ಕೇಂದ್ರ ಸರ್ಕಾರವೂ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ ದೇಶದಲ್ಲಿ ಮೊದಲು ತೆರೆದ 13 ತಂಬಾಕು ಬಿಡಿಸುವ ಚಿಕಿತ್ಸಾಲಯಗಳ ಕಾಲದಿಂದ ಬೆಂಗಳೂರಿನಲ್ಲಿ ಈ ಕೆಲಸ ನಡೆದುಬಂದಿದೆ. ನಿಕೋಟಿನ್ ಅಂಟು, ಮಾತ್ರೆಗಳು ಇಲ್ಲಿಯೂ ದೊರೆಯುತ್ತವೆ. ಹೃದ್ರೋಗವಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಅವನ್ನು ತೆಗೆದುಕೊಳ್ಳಬಾರದು. 2016ರಲ್ಲಿ ದೂರವಾಣಿಯ ಮೂಲಕ ಸಲಹೆ ಕೊಡುವ ರಾಷ್ಟ್ರೀಯ ಸೇವೆ ದೆಹಲಿಯಲ್ಲಿ ತೊಡಗಿತು. ಬಳಿಕ ಬೆಂಗಳೂರಿನ ನಿಮ್ಹಾನ್ಸ್ ಅದರ ಒಂದು ಕೇಂದ್ರವಾಗಿ, ಕನ್ನಡದಲ್ಲಿ ಮಾತನಾಡುವವರೂ ಅಲ್ಲಿ ಸಿಗುವಂತಾಯಿತು. ಆ ದೂರವಾಣಿ ಸಂಖ್ಯೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 2018ರ ಸೆಪ್ಟೆಂಬರಿನಿಂದ ಪ್ರತಿಯೊಂದು ಸಿಗರೇಟು ಪೊಟ್ಟಣದ ಮೇಲೂ, ಬೀಡಿ ಕಟ್ಟಿನ ಮೇಲೂ, ಎಚ್ಚರಿಕೆಯ ಚಿತ್ರದ ಜೊತೆಯಲ್ಲಿಯೇ ಅದನ್ನು ಅಚ್ಚುಹಾಕಬೇಕೆಂದು ಕಾನೂನಾಯಿತು. ಸಂಖ್ಯೆ 1800-11-2356, ಕರೆಗೆ ಹಣ ಬೀಳುವುದಿಲ್ಲ.